ಹಿಂದಿನ ಚಕ್ರದ ಬ್ರೇಕು

“ಭಾರ ಇರೋದು ಸೈಕಲ್ಲಲ್ಲಿ ಅಲ್ಲ ಕಣೇ, ನಿನ್ನ ಸೊಂಟದಲ್ಲಿ!”

ಮಾತು ಹೊರಬಿದ್ದ ಮೇಲೆಯೇ ಅದು ಎಂಥ ಮಾತು ಎಂದು ಶಟರಣ್ಣನಿಗೆ ಹೊಳೆದದ್ದು. ಅವನ ಮಾತುಗಳ ಹಣೆಬರಹವೇ ಅಷ್ಟು. ಮಾತು ಮೊದಲು ಓಡಿಬಂದುಬಿಡುತ್ತಿತ್ತು, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತಿತ್ತು. ಸೈಕಲ್ ಮೇಲೂ ಅವನ ಕಥೆ ಹೆಚ್ಚು ಕಡಿಮೆ ಹಾಗೆಯೇ ಇತ್ತು.

“ನನ್ನ ಸೊಂಟದ ಅಳತೆ ನನಗೆ ಗೊತ್ತು,” ಎಂದಳು ಹೆಂಡತಿ. “ನಿಮ್ಮದೂ ಗೊತ್ತು. ನೀವು ಹಾಕ್ಕೊಂಡಿರೋ ಆ ಚಡ್ಡೀನ ಎರಡು ಸಲ ಬಿಚ್ಚಿ ದೊಡ್ಡದು ಮಾಡಿದ ಕೈ ಇದು.”

ಸೈಕಲ್ ಅಂಗಡಿಯವನು ಆಗಲೇ ಒರೆಸಿಟ್ಟಿದ್ದ ಹೆಲ್ಮೆಟ್ಟನ್ನು ಎತ್ತಿಕೊಂಡು ಮತ್ತೆ ಒರೆಸತೊಡಗಿದ. ಅವನು ತೆಳ್ಳಗಿನ ಮನುಷ್ಯ. ಗಾಳಿ ಅಡ್ಡ ಬರಬಾರದೆಂದು ಕಾಲಿನ ಕೂದಲನ್ನೆಲ್ಲ ಬೋಳಿಸಿಕೊಂಡವನು. ಗಂಡ ಹೆಂಡತಿ ಸೈಕಲ್ ಕೊಳ್ಳಲು ಬಂದರೆ ಮೊದಲು ಜಗಳ, ಆಮೇಲೆ ವ್ಯಾಪಾರ ಎನ್ನುವುದು ಅವನಿಗೆ ಹೊಸದೇನೂ ಆಗಿರಲಿಲ್ಲ. ಆದರೆ ಇಷ್ಟು ದೊಡ್ಡ ಗಂಟಲಿನ ಜಗಳ ಅವನ ಅಂಗಡಿಯಲ್ಲಿ ನಡೆದಂತಿರಲಿಲ್ಲ. ಶಟರಣ್ಣ ಹುಟ್ಟಿನಿಂದಲೇ ಮುಂಗೋಪಿ. ಜೊತೆಗೆ ಅಂಗಡಿಗಳಿಗೆ ರೋಲಿಂಗ್ ಶಟರ್ ಮಾಡಿಕೊಡುವ ಕೆಲಸ. ದಿನವಿಡೀ ಕಬ್ಬಿಣ ಕೊಯ್ಯುವ ಸದ್ದಿನ ನಡುವೆ ಕೂಗಿ ಕೂಗಿ, ಗುಟ್ಟು ಹೇಳುವಾಗಲೂ ಅವನ ದನಿ ಬೀದಿಯ ಆಚೆ ತುದಿಗೆ ಕೇಳುತ್ತಿತ್ತು.

“ಹಳೇದಕ್ಕೆ ಏನಾಗಿದೆ ಅಂತ? ಚಕ್ರ ಇದೆ, ಚೈನಿದೆ, ಬೆಲ್ಲಿದೆ. ನನ್ನ ಕೈಯಾರೆ ನೋಡ್ಕೊಂಡಿರೋ ಸೈಕಲ್ಲು ಅದು!”

“ಭಾರ ಆಗಿದೆ ಅಂದ್ನಲ್ಲ.”

“ಸೈಕಲ್ಲೇನು ಹಿಟ್ಟಿನ ಮುದ್ದೆಯೇನೇ, ಇಟ್ಟಲ್ಲೇ ಉಬ್ಬಿ ಭಾರ ಆಗೋಕೆ?”

“ಅದೇ ನನಗೂ ಆಶ್ಚರ್ಯ,” ಎಂದಳು ಅವಳು. ಎಂದವಳು ಕಿಟಕಿಯ ಬಳಿ ನಿಲ್ಲಿಸಿದ್ದ ಬೂದಿ ಬಣ್ಣದ ಹೊಸ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ಹತ್ತಿಯ ಗಂಟಿನ ಹಾಗೆ ತೂಗಿ ನೋಡಿ, ಕೆಳಗಿಟ್ಟಳು. ತೆಳ್ಳನೆಯ ಟೈರು, ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್ಲು. ಅದನ್ನು ಇಡುವಾಗ ಅವಳ ಮುಖದ ಮೇಲೆ ಬಂದುಹೋದ ಬೆಳಕನ್ನು ಕಂಡು ಶಟರಣ್ಣ ಆ ಸೈಕಲ್ಲನ್ನು ಅವಳ ಕೈಗೆ ಸಿಗದಷ್ಟು ದೂರ ಸರಿಸಿದ.

ಇದಕ್ಕೆಲ್ಲ ಕಾರಣ ಅವನೇ. ಸೈಕಲ್ಲಿನ ಹುಚ್ಚು ಮೊದಲು ಹಿಡಿದದ್ದು ಅವನಿಗೆ. ಡಾಕ್ಟರು ಅವನ ಹೊಟ್ಟೆಯ ಮೇಲೆ ಬೆರಳಿಟ್ಟು ಒತ್ತಿ, “ಇದನ್ನ ಕರಗಿಸಿ” ಎಂದಿದ್ದರು. ಒಬ್ಬನೇ ಬೀದಿಯಲ್ಲಿ ನಡೆದರೆ ಜನ ನಗುತ್ತಾರೆ, ಸೈಕಲ್ ಆದರೆ ನಗುವವರ ಮುಂದೆ ಬೇಗ ದಾಟಿಹೋಗಬಹುದು ಎಂದು ಅವನು ಲೆಕ್ಕ ಹಾಕಿದ. ಬೇಗ ದಾಟುವುದಕ್ಕೂ ಹೊಟ್ಟೆಗೂ ಸಂಬಂಧ ಇದೆ ಎನ್ನುವುದನ್ನು ಲೆಕ್ಕದಲ್ಲಿ ಬಿಟ್ಟಿದ್ದ. ಒಂದೇ ಜಾತಿಯ ಎರಡು ಸೈಕಲ್ ತಂದ. ಕೆಂಪು ತನಗೆ, ನೀಲಿ ಹೆಂಡತಿಗೆ. ಜೊತೆಗೆ ಸವಾರಿಗೆಂದೇ ಮೆತ್ತೆ ಇಟ್ಟು ಹೊಲಿದ ಚಡ್ಡಿಗಳು ಬರುತ್ತವೆ ಎಂದು ಕೇಳಿ, “ಅಂಗಡೀಲಿ ಕೊಳ್ಳೋದೇನು ಬಂತು, ನೀನೇ ಹೊಲಿ” ಎಂದ. ಅವಳು ಹಳೆಯ ಸೋಫಾದ ಫೋಮು ಕತ್ತರಿಸಿ ಹೊಲಿದುಕೊಟ್ಟಳು. ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದಾಗ, ಒದ್ದೆ ಮಾಡಿಕೊಂಡ ಮಗುವೊಂದು ಮೀಸೆ ಬಿಟ್ಟಂತೆ ಕಂಡಿತು. ಆದರೂ ಹಾಕಿಕೊಂಡ. ತಾನೇ ಹೇಳಿ ಮಾಡಿಸಿದ್ದನ್ನು ಬೇಡ ಎನ್ನುವ ಅಭ್ಯಾಸ ಅವನಿಗೆ ಇರಲಿಲ್ಲ.

ಮೊದಮೊದಲು ಭಾನುವಾರಗಳೆಲ್ಲ ಚೆನ್ನಾಗಿದ್ದವು. ಅವನು ಮುಂದೆ, ಅವಳು ಹಿಂದೆ. ಅವನು ತಿರುಗಿ ತಿರುಗಿ, “ಗೇರ್ ಇಳಿಸು! ಏರಿಸು! ಅಯ್ಯೋ, ಅದಲ್ಲ, ಇನ್ನೊಂದು!” ಎಂದು ಕೂಗುತ್ತಿದ್ದ. ಅವಳು ಹೂಂಗುಟ್ಟುತ್ತಾ ತುಳಿಯುತ್ತಿದ್ದಳು. ನಾಲೆಯ ದಂಡೆಯ ರಸ್ತೆಯಲ್ಲಿ ಬೆಳಗಿನ ಹೊತ್ತು ವಾಹನ ಇರುತ್ತಿರಲಿಲ್ಲ. ವಾರವೆಲ್ಲ ಅವನ ಶೆಡ್ಡಿನಲ್ಲಿ ಕಬ್ಬಿಣದ ಸದ್ದು, ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಷಿನಿನ ಸದ್ದು. ಶಾಲೆಗಳ ಯೂನಿಫಾರಂ ಹೊಲಿಯುವವಳು ಅವಳು, ಕೆಲಸ ತಲೆಯ ಮೇಲೆ ಬಿದ್ದಾಗ ಊಟಕ್ಕೂ ಏಳುತ್ತಿರಲಿಲ್ಲ. ಇಬ್ಬರೂ ಸದ್ದಿಲ್ಲದ ಕಡೆ ಒಟ್ಟಿಗೆ ಇರುತ್ತಿದ್ದದ್ದು ಆ ದಂಡೆಯ ಮೇಲೆ ಮಾತ್ರ. ಅಲ್ಲಿ ಅವಳು ಅಪರೂಪಕ್ಕೆ ಏನಾದರೂ ಹೇಳುತ್ತಿದ್ದಳು. ಕೊಕ್ಕರೆ ನೋಡಿ ಎನ್ನುತ್ತಿದ್ದಳು. ಯಾವುದೋ ಹುಡುಗಿಯ ಲಂಗದ ಅಂಚು ಇಳಿಸುವಾಗ ಆ ಹುಡುಗಿ ಏನೆಂದಳು ಎಂದು ಹೇಳಿ ನಗುತ್ತಿದ್ದಳು. ಶಟರಣ್ಣನಿಗೆ ಅದು ಬಹಳ ಇಷ್ಟವಾಗುತ್ತಿತ್ತು. ಇಷ್ಟ ಎಂದು ಹೇಳುವುದು ಮಾತ್ರ ಗೊತ್ತಿರಲಿಲ್ಲ. ಅದರ ಬದಲು “ಗೇರ್ ಇಳಿಸು!” ಎನ್ನುತ್ತಿದ್ದ.

ಅವನಿಗೆ ಮರೆತುಹೋಗಿದ್ದ ಒಂದು ವಿಷಯವಿತ್ತು. ಅವಳು ಹೊಲಿಯುತ್ತಿದ್ದದ್ದು ಕಾಲಿನಿಂದ ತುಳಿಯುವ ಹಳೆಯ ಮಷಿನು. ಮೋಟಾರು ಹಾಕಿಸಿಕೊಡುತ್ತೇನೆ ಎಂದರೂ, “ಬೇಡ, ಕಾಲಿಗೆ ಕೆಲಸ ಇದ್ರೇನೇ ಕೈ ಸರಿಯಾಗಿ ಓಡೋದು” ಎಂದಿದ್ದಳು. ಮದುವೆಯಾಗಿ ಬಂದ ದಿನದಿಂದ ತುಳಿದ ಕಾಲುಗಳವು. ರಸ್ತೆಗೆ ಬಿದ್ದದ್ದೇ ತಡ, ಅವಕ್ಕೆ ತಾವು ಏತಕ್ಕಾಗಿ ಇಷ್ಟು ವರ್ಷ ತಯಾರಾದೆವು ಎನ್ನುವುದು ಗೊತ್ತಾಗಿಬಿಟ್ಟಿತು. ಒಂದು ಭಾನುವಾರ ಅವಳು ಅವನ ಪಕ್ಕಕ್ಕೆ ಬಂದಳು. ಮುಂದಿನ ವಾರ ಅವನ ಮುಂದಕ್ಕೆ ಹೋದಳು. ಅದರ ಮುಂದಿನ ವಾರ ಟವರ್ ಗುಡ್ಡದ ಏರಿನಲ್ಲಿ ಕಣ್ಣಿಗೇ ಕಾಣದಾದಳು.

ಊರಿನ ಹೊರಗೆ, ನೆತ್ತಿಯ ಮೇಲೆ ಟೆಲಿಫೋನ್ ಟವರು ಇರುವ ಗುಡ್ಡ ಅದು. ಭಾನುವಾರದ ಸೈಕಲ್ಲಿನವರೆಲ್ಲ ಹತ್ತುವುದು ಅದನ್ನೇ. ಶಟರಣ್ಣ ಅರ್ಧ ತುಳಿದು, ಉಳಿದರ್ಧ ಸೈಕಲ್ ತಳ್ಳಿಕೊಂಡು ಮೇಲೆ ಹೋದಾಗ, ಅವಳು ಬಾಳೆಹಣ್ಣು ತಿಂದು ಮುಗಿಸಿ, ಸಿಪ್ಪೆಯನ್ನೂ ಎಸೆದು, ನಿವೃತ್ತ ಮೇಷ್ಟ್ರೊಬ್ಬರ ಜೊತೆ ಹರಟುತ್ತಾ ಕೂತಿದ್ದಳು. ಮೇಷ್ಟ್ರು ಇವನನ್ನು ನೋಡಿದವರೇ, “ಏನ್ ಶಟರಣ್ಣ, ನಿಮ್ಮ ಶಟರು ಅರ್ಧಕ್ಕೇ ಸಿಕ್ಕಿಹಾಕ್ಕೊಂಡಿತಾ?” ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಗುಡ್ಡದ ಆಚೆ ಕಡೆಗೂ ರಸ್ತೆ ಇಳಿಯುತ್ತಿತ್ತು. “ಆಚೆ ಏನಿದೆ? ಇಳಿದು ನೋಡೋಣ್ವಾ?” ಎಂದು ಅವಳು ಕೇಳಿದಳು. “ಆಚೆ ಏನೂ ಇಲ್ಲ,” ಎಂದು ಶಟರಣ್ಣ ಖಂಡಿತವಾಗಿ ಹೇಳಿದ. ಅವನು ಆ ಕಡೆ ಇಣುಕಿಯೂ ನೋಡಿರಲಿಲ್ಲ. ಇಳಿದರೆ ಮತ್ತೆ ಹತ್ತಬೇಕಾಗುತ್ತದೆ ಎನ್ನುವುದಷ್ಟೇ ಅವನಿಗೆ ಗೊತ್ತಿದ್ದ ಭೂಗೋಳ.

ಮಾರನೆಯ ದಿನ ಸೈಕಲ್ಲುಗಳಿಗೆ ಎಣ್ಣೆ ಬಿಡುತ್ತೇನೆ ಎಂದು ಎರಡನ್ನೂ ಶೆಡ್ಡಿಗೆ ತಂದ. ಶಟರು ಮಾಡುವವರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿರುತ್ತದೆ. ಪಕ್ಕದ ಪಟ್ಟಿ ಕೂದಲೆಳೆಯಷ್ಟು ಒತ್ತಿದರೂ ಸಾಕು, ಇಡೀ ಶಟರು ಎರಡರಷ್ಟು ಭಾರವಾಗುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಇಷ್ಟು ವರ್ಷ ಜನರ ಶಟರುಗಳಿಂದ ಆ ದೋಷವನ್ನು ತೆಗೆದು ಹೆಸರು ಮಾಡಿದ್ದ ಮನುಷ್ಯ, ಅವತ್ತು ಹೆಂಡತಿಯ ನೀಲಿ ಸೈಕಲ್ಲಿನ ಹಿಂದಿನ ಬ್ರೇಕಿನ ಪಕ್ಕದ ಪುಟ್ಟ ಸ್ಕ್ರೂವನ್ನು ಒಂದಿಷ್ಟು ತಿರುವಿದ. ಬ್ರೇಕಿನ ರಬ್ಬರು ಹೋಗಿ ರಿಮ್ಮಿಗೆ ಮುತ್ತಿಟ್ಟಂತೆ ತಾಗಿ ನಿಂತಿತು. ಸದ್ದಿಲ್ಲ, ಗುರುತಿಲ್ಲ. ತನ್ನ ಕೈಚಳಕಕ್ಕೆ ತಾನೇ ಮೆಚ್ಚಿ ಸೀಟಿ ಹಾಕಿದ.

ಮುಂದಿನ ಭಾನುವಾರ ಇಬ್ಬರೂ ಪಕ್ಕಪಕ್ಕದಲ್ಲೇ ಹೋದರು. ಕೊಕ್ಕರೆ ಕಂಡಿತು. ಮೇಷ್ಟ್ರು ಕೂಡ, “ಗಂಡ ಹೆಂಡತಿ ಅಂದ್ರೆ ಹೀಗಿರಬೇಕಪ್ಪ” ಎಂದರು. ಶಟರಣ್ಣ ಎದೆಯುಬ್ಬಿಸಿದ.

ಆದರೆ ಕೆಲವು ವಾರಗಳಲ್ಲಿ ಅವಳು ಮತ್ತೆ ಮುಂದಾದಳು. ಅವನು ಮತ್ತೆ ಸ್ಕ್ರೂ ತಿರುವಿದ. ಅವಳು ಮತ್ತೆ ಮುಂದಾದಳು, ಅವನು ಮತ್ತೆ ತಿರುವಿದ. ಹೀಗೆ ಬ್ರೇಕು ಹಿಡಿದ ಸೈಕಲ್ಲನ್ನೇ ತುಳಿದೂ ತುಳಿದೂ ಅವಳ ಕಾಲುಗಳು ಗಾಣದ ಎತ್ತಿನ ಕಾಲುಗಳಾದವು. ಅವನ ಕಾಲುಗಳು ಮೊದಲು ಹೇಗಿದ್ದವೋ ಹಾಗೇ ಉಳಿದವು. ಊರಿನ ಯಾವ ಕಸರತ್ತಿನ ಗುರುವೂ ಒಬ್ಬ ಶಿಷ್ಯೆಯನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ಗುಟ್ಟಾಗಿ ತಯಾರು ಮಾಡಿರಲಾರ. ಕೊನೆಗೆ ಈ ಭಾನುವಾರ ಸವಾರಿ ಮುಗಿಸಿ ಬರುವಾಗ ಅವಳು ಬೆವರು ಒರೆಸಿಕೊಂಡು, “ಈ ಸೈಕಲ್ ಬಹಳ ಭಾರ ಆಗಿದೆ ರೀ, ಹೊಸದು ಕೊಳ್ಳೋಣ” ಎಂದುಬಿಟ್ಟಳು. ಅಂದದ್ದಷ್ಟೇ ಅಲ್ಲ, ಹ್ಯಾಂಡಲ್ಲನ್ನು ಸೀದಾ ಅಂಗಡಿಯ ಕಡೆ ತಿರುಗಿಸಿದಳು. ಅವನು ಕೂಗುತ್ತಾ ಬಂದ, ಆದರೆ ಹಿಂದೆ.

ಹೊಸ ಸೈಕಲ್ಲು ಬಂದರೆ? ಆ ಕಾಲುಗಳ ಕೆಳಗೆ ಆ ಬೂದಿ ಬಣ್ಣದ ಪಿಶಾಚಿ ಸಿಕ್ಕರೆ? ಭಾನುವಾರದ ಬೆಳಗಿನಲ್ಲಿ ಅವಳು ಎಲ್ಲಿರುತ್ತಾಳೆ, ಅವನು ಎಲ್ಲಿರುತ್ತಾನೆ? ಕೊಕ್ಕರೆಗೆ ಒಬ್ಬನೇ ಕೈ ಬೀಸಬೇಕಾಗುತ್ತದೆ. ಅವನ ಗಂಟಲು ಅವತ್ತು ಅಷ್ಟು ಎತ್ತರಕ್ಕೆ ಹೋಗಿದ್ದದ್ದು ಆ ಭಯಕ್ಕೆ.

ಹೆಲ್ಮೆಟ್ ಒರೆಸುತ್ತಿದ್ದ ಅಂಗಡಿಯವನು ಇಬ್ಬರೂ ಉಸಿರು ತೆಗೆದುಕೊಳ್ಳುವ ಹೊತ್ತು ನೋಡಿ ಬಾಯಿ ಹಾಕಿದ. “ಸಾರ್, ಸಿಟ್ಟಾಗಬೇಡಿ. ಹಳೇದನ್ನ ಒಳಗೆ ತನ್ನಿ, ಸ್ಟ್ಯಾಂಡಿಗೆ ಹಾಕಿ ಒಂದ್ಸಲ ಚಕ್ರ ತಿರುಗಿಸಿ ನೋಡ್ತೀನಿ. ಎಲ್ಲೋ ಏನೋ ಹಿಡ್ಕೊಂಡಿರಬೇಕು.”

ಶಟರಣ್ಣ ಬಾಗಿಲಿಗೆ ಅಡ್ಡ ನಿಂತ. ಚಕ್ರ ಒಂದು ಸುತ್ತು ತಿರುಗಿಸಿದರೆ ಮುಗಿಯಿತು, ಇಷ್ಟು ದಿನದ ಬಂಡವಾಳ ಬಯಲು.

“ಬೇಡ ಬೇಡ!” ಎಂದ. ದನಿ ಎಲ್ಲಿಂದಲೋ ತೀರ ಮೆತ್ತಗೆ ಬಂತು, ಅವನಿಗೇ ಗುರುತು ಸಿಗಲಿಲ್ಲ. “ಪಾಪ, ಅವಳು ಇಷ್ಟು ಆಸೆಯಿಂದ ಕೇಳ್ತಿದಾಳೆ. ಕೊಂಡೇಬಿಡೋಣ. ಹೊಸದೇ ಆಗ್ಲಿ.”

ಹೆಂಡತಿ ಹುಬ್ಬೇರಿಸಿದಳು.

“ಆದ್ರೆ ಇದಲ್ಲ,” ಎಂದ ಶಟರಣ್ಣ. ಕಣ್ಣು ಅಂಗಡಿಯ ಮೂಲೆಮೂಲೆಗೂ ಓಡಿ, ಗೋಡೆಯ ಬದಿಯಲ್ಲಿ ಧೂಳು ತಿನ್ನುತ್ತಾ ನಿಂತಿದ್ದ ಉದ್ದನೆಯದೊಂದು ಸೈಕಲ್ಲಿನ ಮೇಲೆ ನಿಂತಿತು. ಎರಡು ಸೀಟು, ಎರಡು ಹ್ಯಾಂಡಲ್ಲು, ಎರಡು ಜೊತೆ ಪೆಡಲ್ಲು. “ಅದು! ಜೋಡಿ ಸೈಕಲ್ಲು! ಗಂಡ ಹೆಂಡತಿ ಕೊಳ್ಳಬೇಕಾದ್ದು ಅದನ್ನ. ಹಿಂದೆ ಮುಂದೆ ಅನ್ನೋ ತಕರಾರೇ ಇಲ್ಲ. ಒಟ್ಟಿಗೆ ಹೊರಡೋದು, ಒಟ್ಟಿಗೆ ಸೇರೋದು.”

ಅಂಗಡಿಯವನ ಮುಖ ಅರಳಿತು. ಯಾರೋ ಆರ್ಡರ್ ಕೊಟ್ಟು, ತರಿಸಿಕೊಂಡು, ಅಷ್ಟರಲ್ಲಿ ಗಂಡ ಹೆಂಡತಿ ಬೇರೆಯಾಗಿ, ಒಯ್ಯುವವರಿಲ್ಲದೆ ಬಿದ್ದಿದ್ದ ಸೈಕಲ್ಲು ಅದು.

ಅವಳು ಹತ್ತಿರ ಹೋಗಿ ಅದನ್ನು, ಬಟ್ಟೆಯ ಥಾನನ್ನು ನೋಡುವಂತೆ ಉದ್ದಕ್ಕೆ ನೋಡಿದಳು. “ಹಿಂದೆ ಕೂತವರಿಗೆ ಬ್ರೇಕ್ ಇದೆಯಾ?”

“ಇಲ್ಲ ಮೇಡಂ. ಬ್ರೇಕು, ಗೇರು, ತಿರುಗಿಸೋದು ಎಲ್ಲ ಮುಂದಿನವರ ಕೈಲಿ. ಹಿಂದಿನವರು ಬರೀ ತುಳಿದ್ರೆ ಸಾಕು.”

“ಓಹೋ. ನಮ್ಮೆಜಮಾನರ ಅಳತೆಗೇ ಹೊಲಿದ ಹಾಗಿದೆ,” ಎಂದಳು.

ಶಟರಣ್ಣ ಅದನ್ನು ಹೊಗಳಿಕೆ ಎಂದುಕೊಂಡು ಹೊರಗೆ ತಳ್ಳಿದ. ಅಂಗಡಿಯ ಹಿಂದೆ ಗಾಡಿ ನಿಲ್ಲಿಸುವ ಬಯಲಿತ್ತು, ಭಾನುವಾರವಾದ್ದರಿಂದ ಖಾಲಿಯಿತ್ತು. ಅವನು ಮುಂದೆ ಹತ್ತಿದ, ಅವಳು ಹಿಂದೆ. ಮೊದಲ ಸುತ್ತಿಗೆ ಸೈಕಲ್ಲು ಕುಡಿದವನಂತೆ ಓಲಾಡಿತು. “ಅಲುಗಾಡಬೇಡ!” ಎಂದು ಅವನು ಕೂಗಿದ. “ಅಲುಗಾಡ್ತಿರೋದು ನೀವು,” ಎಂದಳು. ಎರಡನೆಯ ಸುತ್ತಿಗೆ ಸರಿಯಾಯಿತು. ಮೂರನೆಯ ಸುತ್ತಿಗೆ ಗಾಳಿ ಮುಖಕ್ಕೆ ಬಡಿಯತೊಡಗಿತು. ಆಹಾ, ಎಂಥ ವೇಗ! ಶಟರಣ್ಣ ಹ್ಯಾಂಡಲ್ ಹಿಡಿದು ರಾಜನಂತೆ ಕೂತಿದ್ದ. ಬೆವರಿಲ್ಲ, ಏದುಸಿರಿಲ್ಲ. ಇಷ್ಟು ದಿನ ತನ್ನಲ್ಲಿ ಈ ಕಸುವು ಎಲ್ಲಿ ಅಡಗಿತ್ತು ಎಂದು ಅವನಿಗೇ ಅಚ್ಚರಿಯಾಯಿತು.

“ರೀ.”

“ಏನೇ?”

“ನೀವು ತುಳೀತಾ ಇಲ್ಲ.”

“ತುಳೀತಾ ಇದೀನಿ! ನೋಡು, ಕಾಲು ತಿರುಗ್ತಾ ಇಲ್ವಾ?”

“ಕಾಲು ತಿರುಗ್ತಾ ಇದೆ. ಎರಡಕ್ಕೂ ಒಂದೇ ಚೈನು ಇದೆಯಲ್ಲ, ನಾನು ತುಳಿದ್ರೆ ನಿಮ್ಮದೂ ತಿರುಗುತ್ತೆ. ಆದ್ರೆ ನೀವು ತುಳೀತಾ ಇಲ್ಲ. ಇಷ್ಟು ವರ್ಷ ಮಷಿನ್ ಮೇಲೆ ಕಾಲಿಟ್ಟು ಬದುಕಿದವಳು ನಾನು. ಬೆಲ್ಟು ಒಂಚೂರು ಸಡಿಲ ಆದ್ರೆ ಪಾದಕ್ಕೆ ಗೊತ್ತಾಗುತ್ತೆ. ಬಾಬಿನ್‌ಗೆ ದಾರ ಸಿಕ್ಕಿಕೊಂಡ್ರೂ ಗೊತ್ತಾಗುತ್ತೆ.” ಇನ್ನೆರಡು ಸಲ ತುಳಿದು ಹೇಳಿದಳು. “ಹಿಂದಿನ ಚಕ್ರಕ್ಕೆ ಬ್ರೇಕಿನ ರಬ್ಬರು ತಾಗ್ತಿದ್ರೂ ಗೊತ್ತಾಗುತ್ತೆ.”

ಶಟರಣ್ಣನ ಕೈ ತಾನಾಗಿ ಬ್ರೇಕನ್ನು ಒತ್ತಿತು. ಸೈಕಲ್ಲು ಕಿರ್ರೆಂದು ಅಡ್ಡ ತಿರುಗಿ, ಬಯಲಿನ ಅಂಚಿನ ಮರಳು ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಅವಳು ಕಾಲೂರಿ ಇಳಿದಳು. ಅವನು ಇಳಿಯಲಿಲ್ಲ, ಉರುಳಿದ. ಫೋಮು ಅಂದು ಮೊದಲ ಬಾರಿಗೆ ನಿಜವಾದ ಉಪಕಾರ ಮಾಡಿತು.

“ಯಾವಾಗಿಂದ ಗೊತ್ತು?” ಎಂದು ಮರಳಿನ ಮೇಲೆ ಕೂತೇ ಕೇಳಿದ.

“ಮೊದಲನೇ ಭಾನುವಾರದಿಂದ.”

“ಗೊತ್ತಿದ್ದೂ ಸುಮ್ನಿದ್ಯಾ?”

“ಸುಮ್ನಿದ್ದೆ. ಪಾಪ, ಪಕ್ಕದಲ್ಲಿ ಬರಲಿ ಅಂತ ಮಾಡಿದಾರೆ, ಒಂದು ದಿನ ತಾವೇ ಸಡಿಲ ಮಾಡ್ತಾರೆ ಅಂದ್ಕೊಂಡೆ. ನಿಧಾನ ಹೋಗು, ನನ್ನ ಜೊತೆ ಬಾ ಅಂತ ಒಂದು ಮಾತು ಹೇಳಿದ್ರೆ ಬರ್ತಿರಲಿಲ್ವಾ ನಾನು? ನೀವು ಹೇಳಲಿಲ್ಲ. ಬಿಗಿ ಮಾಡ್ತಾನೇ ಹೋದ್ರಿ. ಇವತ್ತು ಹೊಸದು ಬೇಕು ಅಂದದ್ದು ಯಾಕೆ ಗೊತ್ತಾ? ಈಗಲಾದ್ರೂ ಬಾಯಿ ಬಿಡ್ತೀರೇನೋ ನೋಡೋಣ ಅಂತ. ನೀವು ಸೊಂಟ ಭಾರ ಅಂದ್ರಿ.”

ತಪ್ಪೊಪ್ಪಿಕೊಳ್ಳಲು ಇದು ಸುಲಭದ ಗಳಿಗೆಯಾಗಿತ್ತು. ಬೇರೆ ಯಾವ ಗಂಡಸಾಗಿದ್ದರೂ ಇಲ್ಲಿ “ತಪ್ಪಾಯಿತು” ಎಂದು ಒಂದು ಮಾತು ಹೇಳಿ ಎದ್ದು ಮರಳು ಕೊಡವಿಕೊಳ್ಳುತ್ತಿದ್ದ. ಮಾತು ಶಟರಣ್ಣನ ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ, ಇಷ್ಟು ತಿಂಗಳು ತಾನು ಕಳ್ಳನಂತೆ ಸ್ಕ್ರೂ ತಿರುವಿದ್ದು, ಸೀಟಿ ಹಾಕಿದ್ದು, ಎದೆಯುಬ್ಬಿಸಿದ್ದು, ಎಲ್ಲವೂ ಇವಳಿಗೆ ಗೊತ್ತಿದ್ದೇ ನಡೆದಿತ್ತು ಎನ್ನುವುದು ಹೊಳೆದು ಸಿಟ್ಟು ನೆತ್ತಿಗೆ ಏರಿಬಿಟ್ಟಿತು.

“ಅಂದ್ರೆ ನನ್ನನ್ನ ಕೋಡಂಗಿ ಮಾಡಿ ಕುಣಿಸಿದ್ಯಾ ಇಷ್ಟು ದಿನ!” ಎಂದು ಗುಡುಗಿದ. “ಒಳಗೊಳಗೇ ನಕ್ಕೊಂಡು ಬಂದ್ಯಾ ಪಕ್ಕದಲ್ಲಿ? ನಿಂಗೆ ನಾನು ಭಾರ, ಅಲ್ವಾ? ಹೋಗು ಹಾಗಾದ್ರೆ! ಮುಂದೆ ಹೋಗು! ಯಾರು ಹಿಡ್ಕೊಂಡಿದಾರೆ ನಿನ್ನ?”

ಅವಳು ಅವನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ಅಳತೆ ತೆಗೆಯುವಾಗ ನೋಡುವ ಹಾಗೆ.

“ಸರಿ,” ಎಂದಳು.

ಅವಳು ಅಂಗಡಿಯೊಳಗೆ ಹೋದಳು. ಅವನು ಮರಳು ಮೆತ್ತಿದ ಜೋಡಿ ಸೈಕಲ್ಲನ್ನು ಎಳೆದುಕೊಂಡು ಹಿಂದೆ ಬರುವಷ್ಟರಲ್ಲಿ, ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಬೂದಿ ಬಣ್ಣದ ಸೈಕಲ್ಲನ್ನು ಬಾಗಿಲಿಗೆ ತಂದಿದ್ದಳು.

“ಓಡಿಸಿ ನೋಡ್ತೀನಿ,” ಎಂದಳು ಅಂಗಡಿಯವನಿಗೆ.

“ಧಾರಾಳವಾಗಿ ಮೇಡಂ. ಆದ್ರೆ ನಮ್ಮಲ್ಲೊಂದು ಪದ್ಧತಿ ಇದೆ. ಹೊಸ ಸೈಕಲ್ ರಸ್ತೆಗೆ ಒಯ್ಯೋವಾಗ ಏನಾದ್ರೂ ಒಂದು ಇಲ್ಲಿ ಬಿಟ್ಟು ಹೋಗಬೇಕು. ಬೇಜಾರು ಮಾಡ್ಕೋಬೇಡಿ. ಒಬ್ಬ ಹೀಗೇ ಓಡಿಸಿ ನೋಡ್ತೀನಿ ಅಂತ ಹೋದವನು ಇನ್ನೂ ನೋಡ್ತಾನೇ ಇದಾನೆ.”

“ಇವರನ್ನ ಬಿಟ್ಟು ಹೋಗ್ತೀನಿ,” ಎಂದಳು ಅವಳು.

ಅಂಗಡಿಯವನು ಶಟರಣ್ಣನನ್ನು ಮೇಲಿಂದ ಕೆಳಗೆ ನೋಡಿದ. ಮೊಣಕಾಲಿಗೆ ಮರಳು, ಮೀಸೆಗೆ ಮರಳು, ಒಂದು ಕಡೆ ಜರುಗಿದ ಫೋಮು. ಹಳೆಯ ಸಾಮಾನಿಗೆ ಬೆಲೆ ಕಟ್ಟಿ ಪಳಗಿದ ಕಣ್ಣು ಅವನದು. ಒಂದು ಗಳಿಗೆ ಯೋಚಿಸಿದ.

“ಆ ಹಳೇ ಸೈಕಲ್ಲನ್ನೂ ಇಲ್ಲೇ ಬಿಟ್ಟು ಹೋಗ್ತೀರಾ, ಮೇಡಂ?” ಎಂದ.

“ಬಿಟ್ಟಿರ್ತೀನಿ.”

“ಹಾಗಾದ್ರೆ ಸರಿ.”

ಅವಳು ಹತ್ತಿದಳು. ಒಂದು ಸಲ ತುಳಿದಳು, ಎರಡು ಸಲ ತುಳಿದಳು, ಬೀದಿಯ ತಿರುವಿನಲ್ಲಿ ಕೈ ತೋರಿಸಿ ಬಲಕ್ಕೆ ತಿರುಗಿದಳು. ಬಿಚ್ಚಿಟ್ಟ ಗಡಿಯಾರದಂತೆ ಟಿಕಿಟಿಕಿ ಎನ್ನುತ್ತಿದ್ದ ಅದರ ಹಿಂದಿನ ಚಕ್ರದ ಸದ್ದು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಅದೂ ಇಲ್ಲ.

“ಒಂದು ಸುತ್ತು ಹೊಡೆದು ಬರ್ತಾಳೆ,” ಎಂದ ಶಟರಣ್ಣ, ಯಾರೂ ಕೇಳದಿದ್ದರೂ.

ಅಂಗಡಿಯವನು ಅವನಿಗೊಂದು ಸ್ಟೂಲು ಕೊಟ್ಟ. ಚಹಾ ತರಿಸಿದ. ಗಿರಾಕಿಗಳು ಬಂದರು, ಹೋದರು. ಒಬ್ಬಳು ಹೆಂಗಸು ಅವನ ಪಕ್ಕದ ಬೆಲ್ಲುಗಳನ್ನೆಲ್ಲ ಒಂದೊಂದಾಗಿ ಬಾರಿಸಿ ನೋಡಿ, ಇವನನ್ನೂ ಒಮ್ಮೆ ನೋಡಿ, ಏನನ್ನೂ ಕೊಳ್ಳದೆ ಹೋದಳು. ಶಟರಣ್ಣ ಹೆಂಡತಿಗೆ ಫೋನ್ ಮಾಡಿದ. ಅವಳ ಫೋನು ಕೌಂಟರಿನ ಮೇಲಿದ್ದ ಅವಳದೇ ಚೀಲದೊಳಗೆ, ಅವನ ಮೊಣಕೈ ಪಕ್ಕದಲ್ಲೇ, ಹೊಡೆದುಕೊಳ್ಳತೊಡಗಿತು. ಅದನ್ನು ನಿಲ್ಲಿಸಲು ಎಲ್ಲಿ ಒತ್ತಬೇಕೆಂದು ತಿಳಿಯದೆ ತನ್ನದನ್ನೇ ಆರಿಸಿದ.

ಆಮೇಲೆ ಎದ್ದು, “ಸ್ಕ್ರೂ ತಿರುವೋಕೆ ಒಂದು ಅಲನ್ ಕೀ ಕೊಡಪ್ಪ,” ಎಂದ.

ಅಂಗಡಿಯ ಹೊರಗೆ ಗಾಜಿಗೆ ಒರಗಿಸಿದ್ದ ನೀಲಿ ಸೈಕಲ್ಲನ್ನು ಒಳಗೆ ತಂದು, ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರವನ್ನು ತಿರುಗಿಸಿದ. ಅರ್ಧ ಸುತ್ತಿಗೆ ನಿಂತಿತು. ಇಷ್ಟು ಬಿಗಿ ಮಾಡಿದ್ದೆನೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. ಇದನ್ನು ತುಳಿದುಕೊಂಡು ಅವಳು ಗುಡ್ಡ ಹತ್ತಿದ್ದಳು, ನಗುನಗುತ್ತಾ ಲಂಗದ ಅಂಚಿನ ಕಥೆ ಹೇಳಿದ್ದಳು. ಸ್ಕ್ರೂ ಹಿಂದಕ್ಕೆ ತಿರುವಿದ. ಮತ್ತೆ ಚಕ್ರ ತಿರುಗಿಸಿದ. ಅದು ತಿರುಗಿತು, ತಿರುಗುತ್ತಲೇ ಇತ್ತು. ಅಂಗಡಿಯವನು ಬಂದು ಪಕ್ಕದಲ್ಲಿ ನಿಂತ.

“ಬ್ರೇಕಾ, ಅಣ್ಣಾ?” ಎಂದ ಅಂಗಡಿಯವನು. ಸಾರ್ ಹೋಗಿ ಅಣ್ಣ ಬಂದಿತ್ತು.

“ಬ್ರೇಕು,” ಎಂದ ಶಟರಣ್ಣ.

ಮತ್ತೆ ಸ್ಟೂಲಿನ ಮೇಲೆ ಕೂತು, ಅವಳು ಬಂದೊಡನೆ ಹೇಳಬೇಕಾದ ಮಾತನ್ನು ತಯಾರು ಮಾಡತೊಡಗಿದ. ‘ನೋಡು, ಆಗಿದ್ದು ಆಗಿಹೋಯ್ತು.’ ಇದು ಹೇಳಿದ ದಿನಕ್ಕೆ ಶಟರು ಕೊಡದಿದ್ದಾಗ ಗಿರಾಕಿಗಳಿಗೆ ಹೇಳುವ ಮಾತಿನಂತಿತ್ತು, ಬಿಟ್ಟ. ‘ನನ್ನದೂ ತಪ್ಪಿದೆ.’ ಆ ‘ದೂ’ ಅಲ್ಲಿ ಯಾಕೆ ಬಂತೆಂದು ಅವನಿಗೇ ನಾಚಿಕೆಯಾಯಿತು. ‘ತಪ್ಪಾಯ್ತು, ಆದ್ರೆ...’ ಎಂದುಕೊಂಡು, ‘ಆದ್ರೆ’ಯನ್ನು ಕಿತ್ತು ಬಿಸಾಕಿದ. ಉಳಿದದ್ದು ಒಂದೇ ಪದ. ಅಷ್ಟು ಚಿಕ್ಕ ಮಾತನ್ನು ಅವನು ಹೆಂಡತಿಗೆ ಯಾವತ್ತೂ ಹೇಳಿರಲಿಲ್ಲ, ಹೇಳಿದರೆ ಕೇಳಿಸುತ್ತದೋ ಇಲ್ಲವೋ ಎಂದು ಅನುಮಾನವಾಯಿತು. ಸಣ್ಣ ದನಿಯಲ್ಲಿ ಹೇಳಿ ನೋಡಿದ. “ತಪ್ಪಾಯ್ತು.”

“ಏನಂದ್ರಿ ಅಣ್ಣಾ?” ಎಂದು ಅಂಗಡಿಯವನು ಅಂಗಡಿಯ ಆ ತುದಿಯಿಂದ ಕೇಳಿದ.

“ನಿನಗಲ್ಲ ಕಣಯ್ಯ!”

ಅಷ್ಟರಲ್ಲಿ ಶಟರಣ್ಣನ ಫೋನು ಬಡಿದುಕೊಂಡಿತು. ಮೇಷ್ಟ್ರು. ಹಿಂದಿನಿಂದ ಗಾಳಿ ಬೀಸುವ ಸದ್ದು ಕೇಳುತ್ತಿತ್ತು.

“ಏನ್ರೀ ಶಟರಣ್ಣ, ಮನೆಯವರಿಗೆ ಎಂಥಾ ಸೈಕಲ್ ಕೊಡಿಸಿದೀರಿ! ಟವರ್ ಗುಡ್ಡ ಇಳೀತಿದ್ದೆ, ಎದುರಿಗೆ ಹತ್ತಿ ಬಂದ್ರು ನೋಡಿ, ಗುರುತೇ ಸಿಗಲಿಲ್ಲ. ಕೈ ಬೀಸಿ ಹೋದ್ರು.”

“ಮೇಲೆ ಇದಾಳಾ ಈಗ? ಬಾಳೆಹಣ್ಣು ತಿಂತಿದಾಳಾ?” ಶಟರಣ್ಣ ಎದ್ದು ನಿಂತಿದ್ದ.

“ಮೇಲೆಲ್ಲಿ? ನಾನು ತಿರುಗಿ ನೋಡ್ದೆ, ನಿಲ್ಲಲೇ ಇಲ್ಲ. ಸೀದಾ ಆಚೆ ಕಡೆ ಇಳಿದುಬಿಟ್ರು.”

ಶಟರಣ್ಣ ಫೋನನ್ನು ಕೆಳಗಿಟ್ಟ. ಮೇಷ್ಟ್ರು ಅದರೊಳಗೆ ಇನ್ನೂ ಏನೋ ಹೇಳುತ್ತಲೇ ಇದ್ದರು.

ಊಟದ ಹೊತ್ತಾಗಿತ್ತು. ಅಂಗಡಿಯವನು ಒಂದೆರಡು ಸಲ ಕೆಮ್ಮಿದ. ಬೀದಿಯ ತಿರುವನ್ನು ನೋಡಿದ, ಇವನನ್ನು ನೋಡಿದ. “ಅಣ್ಣಾ, ಬಾಗಿಲು ಹಾಕೋ ಹೊತ್ತು. ಅಕ್ಕ...?”

“ಬಿಲ್ ಮಾಡು,” ಎಂದ ಶಟರಣ್ಣ.

“ಯಾವುದಕ್ಕೆ? ಜೋಡಿ ಸೈಕಲ್ಲಿಗಾ?” ಅಂಗಡಿಯವನ ದನಿಯಲ್ಲಿ ಆಸೆ ಇತ್ತು.

“ಅಲ್ಲ ಕಣಯ್ಯ. ಹೋಗಿದ್ದಕ್ಕೆ.”

ಅಂಗಡಿಯವನು ಬಿಲ್ ಬರೆದು, ಹೊರಗಿನ ಸಾಮಾನುಗಳನ್ನೆಲ್ಲ, ಶಟರಣ್ಣನ ಕೆಂಪು ಸೈಕಲ್ಲಿನ ಸಮೇತ, ಒಳಗಿಟ್ಟು, ಶಟರಿನ ಕೊಕ್ಕೆ ಎಳೆದ. ಅದು ಅರ್ಧಕ್ಕೆ ಬಂದು ಗಕ್ಕನೆ ನಿಂತಿತು. ಬೇರೆ ದಿನವಾಗಿದ್ದರೆ ಶಟರಣ್ಣ, ಯಾವ ಅಯೋಗ್ಯ ಕೂಡಿಸಿದ್ದು ಇದನ್ನ ಎಂದು ಅಬ್ಬರಿಸಿ, ಪಕ್ಕದ ಪಟ್ಟಿಗೆ ಎರಡು ಏಟು ಹಾಕಿ ಸರಿಮಾಡುತ್ತಿದ್ದ. ಅವತ್ತು ಬಗ್ಗಿ, ಅದರ ಕೆಳಗೆ ನುಸುಳಿ, ಒಂದು ಕೈಯಲ್ಲಿ ಅವಳ ಚೀಲ, ಇನ್ನೊಂದು ಕೈಯಲ್ಲಿ ಅವಳ ನೀಲಿ ಸೈಕಲ್ಲು ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತ. ಹಿಡಿದಲ್ಲಿ ಸೈಕಲ್ಲು ನಿಲ್ಲಲೊಲ್ಲದು. ಹೂವಿನಷ್ಟು ಹಗುರ, ಮುಟ್ಟಿದರೆ ಮುಂದಕ್ಕೆ ಓಡುತ್ತಿತ್ತು.

“ಏನಯ್ಯಾ,” ಎಂದ, ಬೀದಿಯ ತಿರುವನ್ನೇ ನೋಡುತ್ತಾ. “ಆ ಟವರ್ ಗುಡ್ಡದ ಆಚೆ ಏನಿದೆ?”

“ಆಚೆನಾ? ನೀವು ಹೋಗಿಲ್ವಾ ಅಣ್ಣಾ?” ಅಂಗಡಿಯವನು ಶಟರಿನ ಜೊತೆ ಗುದ್ದಾಡುತ್ತಲೇ ಉತ್ತರಿಸಿದ. “ನಮ್ಮ ಕಡೆ ಎಲ್ಲೂ ಇಲ್ಲ ಅಂಥ ರಸ್ತೆ. ನುಣ್ಣಗೆ, ನೇರ, ಎರಡೂ ಕಡೆ ಮರ. ಒಂದ್ಸಲ ಇಳಿದ್ರೆ ಬ್ರೇಕ್ ಹಿಡಿಯೋಕೇ ಮನಸ್ಸು ಬರಲ್ಲ.”